ಮರಿ ತರೋಕೆ ಹೋಗಿ ತಾಯಿಯನ್ನು ನೋಡೋದು ಕಲಿತೆ

ಬಾಗಲಕೋಟೆಯ ನವನಗರದಿಂದ ಮುಧೋಳಕ್ಕೆ ಒಂದೂವರೆ ತಾಸಿನ ದಾರಿ. ಬೇಟೆ ನಾಯಿಗೆ ಹೆಸರಾದ ಊರು ಇಷ್ಟು ಹತ್ತಿರ ಇದ್ದರೂ ನಾವು ಮೊದಲ ಮರಿ ತಂದಿದ್ದು ಬಸ್ ಸ್ಟ್ಯಾಂಡ್ ಹತ್ತಿರ, ಒಬ್ಬರ ಬೈಕಿನ ಹಿಂದೆ ಕಟ್ಟಿದ್ದ ಟೊಮೆಟೊ ಬುಟ್ಟಿಯಿಂದ. "ಎರಡು ತಿಂಗಳ ಮರಿ ರೀ, ಅಸಲಿ ಮುಧೋಳ" ಅಂದರು. ಲಸಿಕೆ ಕಾರ್ಡನ್ನೂ ಕೊಟ್ಟರು. ಮಗಳು ಆಗಲೇ ಮರಿಯನ್ನು ಎದೆಗೆ ಅವಚಿಕೊಂಡಿದ್ದಳು. ಇನ್ನೇನು ಕೇಳೋದು? ದುಡ್ಡು ಕೊಟ್ಟು ಮನೆಗೆ ಬಂದೆವು.

ನಾಲ್ಕನೇ ದಿನ ವಾಂತಿ ಶುರುವಾಯಿತು. ಐದನೇ ದಿನ ರಕ್ತಭೇದಿ. ಪಶು ವೈದ್ಯರು ಮರಿಯ ಬಾಯಿ ಬಿಡಿಸಿ ಬೆರಳಾಡಿಸಿದರು. "ದವಡೆ ಹಲ್ಲೇ ಬಂದಿಲ್ಲ ಅಲ್ರೀ, ಎಲ್ಲಿಂದ ಬಂತು ಎರಡು ತಿಂಗಳು? ಒಂದು ತಿಂಗಳದ್ದು ಇದು" ಅಂದರು. ಆಮೇಲೆ ಕಾರ್ಡ್ ತಿರುಗಿಸಿ ನೋಡಿದರು. ಲಸಿಕೆಯ ಸಾಲಿನಲ್ಲಿ ನೀಲಿ ಪೆನ್ನಿನ ಸಹಿ, ಪಕ್ಕದಲ್ಲಿ ತಾರೀಖು, ಅಷ್ಟೇ. ಚುಚ್ಚಿದ ಲಸಿಕೆಯ ಬಾಟಲಿ ಮೇಲಿನ ಸ್ಟಿಕ್ಕರ್ ಕಿತ್ತು ಅಲ್ಲಿ ಅಂಟಿಸಿರಬೇಕಂತೆ. ಬ್ಯಾಚ್ ನಂಬರ್, ಅವಧಿ ಎಲ್ಲ ಅದರಲ್ಲಿ ಇರುತ್ತದೆ. ಮರಿಗೆ ಬಂದಿದ್ದು ಪಾರ್ವೊ, ನಾಯಿಮರಿಗಳಿಗೆ ವಾಂತಿಭೇದಿ ತರುವ ವೈರಸ್ ರೋಗ. ಎರಡು ದಿನ ಸಲೈನ್ ಹಾಕಿಸಿದೆವು. ಏಳನೇ ದಿನ ಬೆಳಗ್ಗೆ ಹೋಗಿಬಿಟ್ಟಿತು. ಮಗಳ ಅಳು ಈಗಲೂ ನನ್ನ ಕಿವಿಯಲ್ಲಿದೆ.

ತಕ್ಷಣ ಇನ್ನೊಂದು ಮರಿ ತರಬೇಡಿ ಅಂತ ವೈದ್ಯರು ಹೇಳಿದರು. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಫಿನಾಯಿಲ್ ನೆಚ್ಚಿಕೊಳ್ಳದೆ ಒಂದು ಪಾಲು ಬ್ಲೀಚ್‌ಗೆ 30 ಪಾಲು ನೀರು ಬೆರೆಸಿ ನೆಲ ತೊಳೆದೆವು. ಅದರ ತಟ್ಟೆ, ಹಾಸಿಗೆ ಎಲ್ಲ ಸುಟ್ಟೆವು. ಹಾಗೆ ಏಳು ತಿಂಗಳು ಕಾದೆವು. ಆ ಏಳು ತಿಂಗಳಲ್ಲಿ ನಾನು ಕಲಿತದ್ದು ಬಹಳ.

ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಇದೆ. ಬೀದರಿನ ಪಶು ವಿಶ್ವವಿದ್ಯಾಲಯಕ್ಕೆ ಸೇರಿದ್ದು. ನಮ್ಮ ಭಾಗದವರು ಮುಧೋಳ ನಾಯಿ ಬೇಕು ಅಂದರೆ ಮೊದಲು ವಿಚಾರಿಸಬೇಕಾದ ಜಾಗ ಅದೇ. ನಾನು ಹೋದಾಗ ಕೊಡೋಕೆ ಮರಿ ಇರಲಿಲ್ಲ, ಕಾಯಬೇಕಿತ್ತು. ಆದರೆ ಒಳ್ಳೆ ತಳಿಯ ನಾಯಿ ಹೇಗಿರುತ್ತದೆ ಅನ್ನೋದನ್ನು ಅಲ್ಲಿ ಕಣ್ಣಾರೆ ಕಂಡೆ. ಉದ್ದ ಮೂತಿ, ಆಳವಾದ ಎದೆ, ಒಳಗೆ ಎಳೆದ ಹೊಟ್ಟೆ. ಪಕ್ಕೆಲುಬು ಕಂಡರೆ ಸೊರಗಿದೆ ಅಂತ ಅಲ್ಲ, ಅದರ ಮೈಕಟ್ಟೇ ಹಾಗೆ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಮಹಾರಾಜರು ಉಳಿಸಿ ಬೆಳೆಸಿದ ತಳಿ ಇದು. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಈಗ ಸೈನ್ಯಕ್ಕೂ ಹೋಗಿದೆ. ಇಷ್ಟು ಹೆಸರು ಬಂದ ಮೇಲೆ ತಿಂಗಳ ಮರಿಯನ್ನು ಬುಟ್ಟಿಯಲ್ಲಿಟ್ಟು ಮಾರುವವರೂ ಹುಟ್ಟಿಕೊಂಡಿದ್ದಾರೆ, ಅದೇ ಬೇಜಾರು.

ಕಾನೂನೂ ಇದೆ. ನಾಯಿ ಸಾಕಿ ಮಾರುವವರಿಗಾಗಿ ಕೇಂದ್ರ ಸರ್ಕಾರ 2017ರಲ್ಲಿ ನಿಯಮ ಮಾಡಿದೆ. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. 8 ವಾರ ತುಂಬದ ಮರಿ ಮಾರುವ ಹಾಗಿಲ್ಲ. ಹೆಣ್ಣು ನಾಯಿಗೆ 18 ತಿಂಗಳಾಗುವ ಮೊದಲು ಮರಿ ಹಾಕಿಸುವ ಹಾಗಿಲ್ಲ. ಇದನ್ನು ಕೇಳಿದಾಗ ಎದುರಿಗಿದ್ದವರ ಮುಖ ಹೇಗಾಗುತ್ತದೆ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಕೇಳಿ ತಿಳಿದು ಮೂರು ಕಡೆ ಹೋದೆವು. ಮೊದಲನೆಯವರು ನಮ್ಮನ್ನು ಒಳಗೇ ಬಿಡಲಿಲ್ಲ. ಮರಿಗಳನ್ನು ಗೇಟಿಗೆ ತಂದರು. ತಾಯಿ ಎಲ್ಲಿ ಅಂದರೆ "ಹೊಲಕ್ಕ ಹೋಗೈತ್ರಿ" ಅಂದರು. ವಾಪಸ್ ಬಂದೆವು. ಎರಡನೆಯ ಕಡೆ ಹನ್ನೊಂದು ನಾಯಿಗಳು, ಎಲ್ಲದರ ಕುತ್ತಿಗೆಗೂ ಮೊಳದುದ್ದದ ಸರಪಳಿ. ಇವುಗಳ ಅಪ್ಪ ಎಷ್ಟು ಮೊಲ ಹಿಡಿದಿದೆ ಅಂತ ಅವರು ಹೆಮ್ಮೆಯಿಂದ ಹೇಳಿದರು. ಮೊಲದ ಬೇಟೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಅಲ್ಲೂ ನಿಲ್ಲಲಿಲ್ಲ.

ಮೂರನೆಯದು ಲೋಕಾಪುರ ದಾಟಿ ಒಳಗಿನ ಒಂದು ತೋಟದ ಮನೆ. ವಯಸ್ಸಾದ ಕಾಕಾ ಒಬ್ಬರು. "ಬರ್ರಿ ಅಕ್ಕಾರ, ಚಪ್ಪಲ ಅಲ್ಲೇ ಬಿಡ್ರಿ, ಕೈ ತೊಳಕೊಳ್ರಿ" ಅಂದರು. ಬೇರೆ ಕಡೆಯ ರೋಗ ಚಪ್ಪಲಿಯಲ್ಲೇ ಬರುತ್ತದೆ ಅನ್ನೋದು ಅವರಿಗೆ ಗೊತ್ತಿತ್ತು. ನನ್ನ ಮನಸ್ಸು ಅರ್ಧ ಅಲ್ಲೇ ಸೋತಿತು.

ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿತ್ತು. ತಾಯಿ ಎದ್ದು ಬಂತು. ಬೊಗಳಲಿಲ್ಲ, ಬಾಲ ಒಳಗೆ ಹಾಕಲಿಲ್ಲ. ನನ್ನ ಅಂಗೈ ಮೂಸಿ ನೋಡಿ ಮರಿಗಳ ಹತ್ತಿರ ತಿರುಗಿ ಹೋಯಿತು. ಐದು ಮರಿಗಳು ಓಡಿ ಬಂದು ಹೊಟ್ಟೆ ಕೆಳಗೆ ನುಗ್ಗಿದವು. ಜೋತುಬಿದ್ದ ಮೊಲೆ ನೋಡಿದರೇ ಗೊತ್ತಾಗುತ್ತಿತ್ತು, ಇವು ಅದರದೇ ಮರಿಗಳು. ಸ್ವಲ್ಪ ಹೊತ್ತು ನಿಂತು ಹಾಲು ಕೊಟ್ಟಿತು. ಹಲ್ಲು ತಾಗಿರಬೇಕು, ಸಣ್ಣಗೆ ಗುರ್ ಅಂದು ಸರಿದುಬಿಟ್ಟಿತು. ಮರಿಗಳು ಅಲ್ಲೇ ಕೂತವು. "ಹಲ್ಲ ಎಷ್ಟ ಜೋರ ಊರಬೇಕು ಅನ್ನೋದನ್ನ ತಾಯೇ ಕಲಸ್ತೈತ್ರಿ. ತಿಂಗಳಿಗೇ ಬಿಡಿಸಿದ್ರ ಅದು ನಿಮ್ಮ ಕೂಸಿನ ಕೈ ಮ್ಯಾಲ ಕಲೀತೈತಿ" ಅಂದರು ಕಾಕಾ.

ನಾನು ಕೇಳುವ ಮೊದಲೇ ಅವರು ಕೇಳಿದರು. ಕಾಂಪೌಂಡ್ ಎಷ್ಟು ಎತ್ತರ? ಹಗಲು ಮನೆಯಲ್ಲಿ ಯಾರಿರುತ್ತಾರೆ? ಕೋಳಿ, ಬೆಕ್ಕು ಇದೆಯಾ? ಓಡಲು ಜಾಗ? ಗದ್ದನಕೇರಿ ಹತ್ತಿರ ನಮ್ಮ ಮಾವನ ಹೊಲ ಇದೆ ಅಂದೆ. "ದಿನಾ ಕಟ್ಟಿ ಹಾಕ್ತೀರಿ ಅಂದ್ರ ನಾ ಕೊಡಾಂಗಿಲ್ಲ. ಓಡಿದ್ದು ಕಂಡ್ರ ಬೆನ್ನ ಹತ್ತೂದ ಇದರ ಗುಣ. ನಿಮಗ ಆಗದಿದ್ರ ನನಗ ತಂದ ಕೊಡ್ರಿ, ಬ್ಯಾರೆಯವರಿಗೆ ಕೊಡಬ್ಯಾಡ್ರಿ" ಅಂದರು. ನೋಂದಣಿ ಕಾಗದ ತಾವಾಗಿಯೇ ತೋರಿಸಿದರು. ಗಂಡು ಜಮಖಂಡಿ ಕಡೆಯದು, ಬೇರೆ ರಕ್ತ. ಸಂಬಂಧದಲ್ಲೇ ಕೂಡಿಸಿದರೆ ಮರಿ ಸಣಕಲಾಗುತ್ತದೆ ಅಂತ ವಹಿಯಲ್ಲಿ ಎಲ್ಲ ಬರೆದಿಟ್ಟಿದ್ದರು. ತಾಯಿಗೆ ಇದು ಎರಡನೇ ಸೂಲು.

ಮರಿಗಳಿಗೆ ಆಗ ಐದು ವಾರ. ಮುಂಗಡ ಕೊಟ್ಟು ಬಂದೆವು. ನಡುವೆ ಎರಡು ಸಲ ಹೋಗಿ ನೋಡಿದೆವು. ಎಲ್ಲರಿಗಿಂತ ಮೊದಲು ಮೈಮೇಲೆ ಹಾರುವುದನ್ನು ಬಿಟ್ಟೆವು, ಮೂಲೆಯಲ್ಲಿ ನಡುಗುವುದನ್ನೂ ಬಿಟ್ಟೆವು. ಬಂದು ಮೂಸಿ, ಹೋಗಿ, ಮತ್ತೆ ಬರುತ್ತಿದ್ದ ಒಂದು ಹೆಣ್ಣು ಮರಿ ಇತ್ತು. ಹಿಂದಿನಿಂದ ಚಪ್ಪಾಳೆ ತಟ್ಟಿದೆ, ಕಿವಿ ತಿರುಗಿಸಿತು. ವಸಡು ಗುಲಾಬಿ, ಕಣ್ಣಲ್ಲಿ ಪಿಸರಿಲ್ಲ, ಹೊಕ್ಕಳ ಹತ್ತಿರ ಗಂಟಿಲ್ಲ, ಬಾಲದ ಕೆಳಗೆ ಒದ್ದೆಯಿಲ್ಲ. ಹೊಟ್ಟೆ ಮಾತ್ರ ಡೊಳ್ಳಾಗಿದ್ದರೆ ಜಂತುಹುಳು ಅಂತ ವೈದ್ಯರು ಹೇಳಿದ್ದರು, ಅದೂ ಇರಲಿಲ್ಲ.

ಎಂಟು ವಾರ ತುಂಬಿದ ಮೇಲೆ ತಂದೆವು. ಕಾರ್ಡಿನಲ್ಲಿ ಈ ಸಲ ಸ್ಟಿಕ್ಕರ್ ಇತ್ತು, ಜಂತಿನ ಔಷಧಿ ಕೊಟ್ಟ ತಾರೀಖುಗಳೂ ಇದ್ದವು. ಮರುದಿನವೇ ವೈದ್ಯರಿಗೆ ತೋರಿಸಿದೆವು. ಮುಂದಿನ ಡೋಸು, ಮೂರು ತಿಂಗಳಿಗೆ ರೇಬಿಸ್ ಚುಚ್ಚುಮದ್ದು, ಎಲ್ಲ ಬರೆದುಕೊಟ್ಟರು. ಈ ತಳಿಯ ಮೈಯಲ್ಲಿ ಕೊಬ್ಬು ಕಡಿಮೆ, ಮುಂದೆ ಆಪರೇಷನ್ ಮಾಡಿಸುವುದಾದರೆ ಅರಿವಳಿಕೆ ಕೊಡುವವರಿಗೆ ಮೊದಲೇ ತಿಳಿಸಿ ಅಂದರು.

ಹೊರಡುವಾಗ ಕಾಕಾ ತಾಯಿ ಮಲಗುತ್ತಿದ್ದ ಗೋಣಿಚೀಲದ ಒಂದು ತುಂಡು ಕತ್ತರಿಸಿ ಕೊಟ್ಟಿದ್ದರು. ಮರಿಗೆ ಮಲ್ಲಿ ಅಂತ ಹೆಸರಿಟ್ಟೆವು. ಮಲ್ಲಿ ಮೊದಲ ರಾತ್ರಿ ಸ್ವಲ್ಪ ಕುಂಯ್‌ಗುಟ್ಟಿ, ಅದರಲ್ಲಿ ಮೂತಿ ಹುದುಗಿಸಿ ಮಲಗಿತು. ಮೂರನೇ ದಿನ ಕಾಕಾನ ಫೋನು. ಜೋಳದ ನುಚ್ಚು ಉಂಡಿತಾ, ಹೊರಗೆ ಸರಿ ಹೋಯಿತಾ ಅಂತ ಕೇಳಿದರು. ಆಮೇಲೆ ನೆನಪು ಮಾಡಿಕೊಂಡವರಂತೆ ಅಂದರು, "ಆ ಚೀಲ ಇನ್ನೊಂದ ಎಂಟ ದಿನ ತೊಳೀಬ್ಯಾಡ್ರಿ ಅಕ್ಕಾರ."