ಪಬ್‌ಗಳಿಗೆ ಅಂಕ ಹಾಕುವ ಕೆಲಸ: ನನ್ನ ಅನುಭವ

ಬ್ರಿಟನ್ನಿನಲ್ಲಿ ಪ್ರತಿ ವರ್ಷ 'ಪಬ್ ಆಫ್ ದಿ ಇಯರ್' ಪ್ರಶಸ್ತಿ ಕೊಡುವುದು ಕ್ಯಾಮ್ರಾ, ಅಂದರೆ ಕ್ಯಾಂಪೇನ್ ಫಾರ್ ರಿಯಲ್ ಏಲ್ ಎಂಬ ಬಿಯರ್ ಪ್ರಿಯರ ಸಂಘ. 1971ರಲ್ಲಿ ನಾಲ್ವರು ಗೆಳೆಯರು ಸೇರಿ ಶುರು ಮಾಡಿದ್ದು. ಈಗ ದೇಶದ ತುಂಬ ಅದರ ಶಾಖೆಗಳಿವೆ. ಮೊದಲು ಪ್ರತಿ ಶಾಖೆ ತನ್ನ ಭಾಗದ ಒಂದು ಪಬ್ ಆರಿಸುತ್ತದೆ. ಆಮೇಲೆ ಪ್ರಾಂತ್ಯದ ಸುತ್ತು, ಕೊನೆಗೆ ಇಡೀ ದೇಶದ್ದು. ನಾನು ನಮ್ಮ ಶಾಖೆಯ ತೀರ್ಪುಗಾರರಲ್ಲಿ ಒಬ್ಬ.

ಅಂಕ ಹಾಕುವುದು ಬಿಯರ್‌ನ ಗುಣಮಟ್ಟ, ಪಬ್‌ನ ವಾತಾವರಣ, ಸೇವೆ, ಊರಿನವರ ಜೊತೆಗಿನ ಒಡನಾಟ ಇವನ್ನೆಲ್ಲ ನೋಡಿ. ಇದರಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದ್ದು ಬಿಯರ್ ಬಗ್ಗೆಯೇ. ರಿಯಲ್ ಏಲ್ ಎಂಬ ಬಗೆಯ ಬಿಯರ್ ಪೀಪಾಯಿಯಲ್ಲಿ ಪಬ್‌ಗೆ ಬಂದಾಗಲೂ ಅದರೊಳಗೆ ಯೀಸ್ಟ್ ಜೀವಂತವಾಗಿರುತ್ತದೆ. ನೆಲಮಾಳಿಗೆಯಲ್ಲಿ ಅದು ಇನ್ನೊಮ್ಮೆ ಹುದುಗಿ, ತಿಳಿಯಾಗಿ, ಹದಕ್ಕೆ ಬರಬೇಕು. ಅಲ್ಲಿ 11ರಿಂದ 13 ಡಿಗ್ರಿ ತಂಪು ಇರಬೇಕು, ಪೈಪುಗಳು ಶುಚಿಯಾಗಿರಬೇಕು. ಒಂದೇ ಕಂಪನಿಯ ಒಂದೇ ಬಿಯರ್ ಈ ಪಬ್‌ನಲ್ಲಿ ಸೊಗಸಾಗಿ, ಆ ಪಬ್‌ನಲ್ಲಿ ಸಪ್ಪೆಯಾಗಿ ಇರುವುದು ಇದೇ ಕಾರಣಕ್ಕೆ. ಹಾಗಾಗಿ ನಾನು ಅಂಕ ಕೊಡುವುದು ನೆಲಮಾಳಿಗೆ ನೋಡಿಕೊಳ್ಳುವವರ ಕೆಲಸಕ್ಕೆ.

ಹೊಸ ತೀರ್ಪುಗಾರರು ಕೌಂಟರ್ ಮೇಲೆ ಸಾಲಾಗಿ ನಿಂತ ಹ್ಯಾಂಡ್‌ಪಂಪ್‌ಗಳನ್ನು (ಒಂದೊಂದೂ ಒಂದು ಪೀಪಾಯಿಯಿಂದ ಕೈಯಲ್ಲಿ ಬಿಯರ್ ಎಳೆಯುವ ಪಂಪು) ನೋಡಿ ಮನಸೋಲುತ್ತಾರೆ. ಅವರಿಗೆ ನಾನು ಒಂದು ಲೆಕ್ಕ ಹೇಳುತ್ತೇನೆ. ಫರ್ಕಿನ್ ಎನ್ನುವ ಪೀಪಾಯಿಯಲ್ಲಿ 72 ಪಿಂಟ್ (ಒಂದು ಪಿಂಟ್ ಅಂದರೆ ಅರ್ಧ ಲೀಟರ್‌ಗಿಂತ ತುಸು ಜಾಸ್ತಿ) ಹಿಡಿಯುತ್ತದೆ. ತೆರೆದ ಮೇಲೆ ಸುಮಾರು ಮೂರು ದಿನದಲ್ಲಿ ಅದು ಖಾಲಿಯಾದರೆ ಒಳ್ಳೆಯದು. ಅಂದರೆ ಒಂದು ಪಂಪ್‌ಗೆ ದಿನಕ್ಕೆ 24 ಪಿಂಟ್ ಮಾರಾಟವಾಗಬೇಕು. ಆರು ಪಂಪ್ ಇದ್ದರೆ 144. ಚಳಿಗಾಲದ ಮಂಗಳವಾರ ಹಳ್ಳಿಯ ಪಬ್‌ಗೆ ಅಷ್ಟು ಜನ ಎಲ್ಲಿ ಬರುತ್ತಾರೆ? ಎರಡೇ ಪಂಪ್ ಇಟ್ಟುಕೊಂಡು, ಬೇಕಿದ್ದರೆ ಫರ್ಕಿನ್‌ನ ಅರ್ಧ ಅಳತೆಯ 'ಪಿನ್' ತರಿಸಿ, ಎರಡನ್ನೂ ತಾಜಾ ಇಡುವ ಮಾಲೀಕರಿಗೆ ತಮ್ಮ ವ್ಯಾಪಾರ ಚೆನ್ನಾಗಿ ಗೊತ್ತು. ಹತ್ತು ಪಂಪ್‌ನಲ್ಲಿ ನಾಲ್ಕು ಹಳಸಿದ್ದರೆ ನನ್ನ ಕೈಯಲ್ಲಿ ಅಂಕ ಸಿಗುವುದಿಲ್ಲ.

ಕ್ಯಾಮ್ರಾದ ಬಿಯರ್ ಅಂಕ ಸೊನ್ನೆಯಿಂದ ಐದರವರೆಗೆ. ಮೂರು ಅಂದರೆ ಚೆನ್ನಾಗಿದೆ, ಐದು ಅಂದರೆ ಯಾವ ಕೊರತೆಯೂ ಇಲ್ಲ. ಮುಲಾಜಿಗೆ ಬಿದ್ದು ಎಲ್ಲರಿಗೂ ಮೂರೂವರೆ, ನಾಲ್ಕು ಹಾಕಿದರೆ ನಿಜವಾಗಿ ಶ್ರಮಪಟ್ಟವರಿಗೆ ಅನ್ಯಾಯ. ಸಾಧಾರಣ ಬಿಯರ್‌ಗೆ ನಾನು ಎರಡೇ ಕೊಡುತ್ತೇನೆ.

ಸ್ವಂತ ರುಚಿಯನ್ನು ಪಕ್ಕಕ್ಕಿಡುವುದು ಕಷ್ಟ. ನನಗೆ ಕಪ್ಪು ಬಣ್ಣದ, ಹುರಿದ ಮಾಲ್ಟ್ ರುಚಿಯ ಸ್ಟೌಟ್ ಇಷ್ಟ. ಆದರೂ ಹಾಪ್ಸ್ ಎಂಬ ಹೂವಿನ ಘಮದ ತೆಳುಬಣ್ಣದ ಏಲ್ ಕುಡಿಯುವಾಗ ಕೇಳಿಕೊಳ್ಳುವುದು ಒಂದೇ: ಈ ಬಗೆಯ ಬಿಯರ್ ಹೇಗಿರಬೇಕೋ ಹಾಗಿದೆಯಾ? ವಿನಿಗರ್ ವಾಸನೆ ಬಂದರೆ ದೋಷ, ಅದರಲ್ಲಿ ಅನುಮಾನ ಬೇಡ. ಮಬ್ಬಾಗಿದ್ದರೆ ಮಾತ್ರ ತಕ್ಷಣ ಅಂಕ ಕಡಿಯಬಾರದು. ಕೆಲವು ಬಿಯರ್‌ಗಳನ್ನು ತಿಳಿಗೊಳಿಸದೆ ಹಾಗೇ ಕಳಿಸುತ್ತಾರೆ, ಬಾರ್‌ನಲ್ಲಿ ಕೇಳಿದರೆ ಹೇಳುತ್ತಾರೆ. ನೊರೆಯೂ ಅಷ್ಟೆ. ಉತ್ತರ ಇಂಗ್ಲೆಂಡಿನಲ್ಲಿ ದಟ್ಟ ನೊರೆ ಬೇಕು ಅನ್ನುತ್ತಾರೆ, ದಕ್ಷಿಣದಲ್ಲಿ ಬೇಡ ಅನ್ನುತ್ತಾರೆ.

ಕೆಟ್ಟ ಬಿಯರ್ ಬಂದರೆ ಎಲ್ಲ ಗಿರಾಕಿಗಳಂತೆ ನಾನೂ ವಾಪಸ್ ಕೊಡುತ್ತೇನೆ. ಆಮೇಲೆ ಏನಾಗುತ್ತದೆ ಅನ್ನುವುದು ಮುಖ್ಯ. ಒಂದು ಗುಟುಕು ರುಚಿ ನೋಡಿ, ಬೇರೆ ಗ್ಲಾಸ್ ಕೊಟ್ಟು, ಆ ಪಂಪ್‌ನ ಹೆಸರುಫಲಕ ತಿರುಗಿಸಿ ಮಾರಾಟ ನಿಲ್ಲಿಸಿದರೆ ಸೇವೆಗೆ ಪೂರ್ತಿ ಅಂಕ. 'ಬೇರೆ ಯಾರೂ ಹೀಗೆ ಹೇಳಲಿಲ್ಲವಲ್ಲ' ಅಂದರೆ ಅದನ್ನೂ ಬರೆದುಕೊಳ್ಳುತ್ತೇನೆ.

ಹೋಗುವ ಮೊದಲು ಪಬ್‌ಗೆ ಸುದ್ದಿ ಕೊಡುವುದಿಲ್ಲ. ಶುಕ್ರವಾರದ ಗದ್ದಲದಲ್ಲಿ ಒಮ್ಮೆ, ವಾರದ ನಡುವೆ ಮಧ್ಯಾಹ್ನ ಇನ್ನೊಮ್ಮೆ ಹೋಗಬೇಕು. ಬಸ್ಸು ಅಥವಾ ರೈಲಿನಲ್ಲೇ ಪ್ರಯಾಣ. ಅರ್ಧ ಪಿಂಟ್ ಸಾಕು, ಕಡಿಮೆ ಅಮಲಿನದ್ದು ಮೊದಲು, ನಡುವೆ ನೀರು. ನಾಲಗೆ ದಣಿದ ಮೇಲೆ ಹಾಕಿದ ಅಂಕಕ್ಕೆ ಬೆಲೆಯಿಲ್ಲ.

ಸ್ವಾಗತದ ಅಂಕದ ಬಗ್ಗೆ ನಾನು ಹಟ ಹಿಡಿದಿದ್ದೇನೆ. ಪರಿಚಯದವರಿಗೆ ಎಲ್ಲ ಪಬ್‌ನಲ್ಲೂ ನಗುಮುಖ ಸಿಗುತ್ತದೆ ಅಲ್ವಾ? ನನ್ನ ಮುಖ, ಮಾತಿನ ಧಾಟಿ ಎರಡೂ ಆ ಊರಿನದಲ್ಲ. ಬಾಗಿಲು ತೆರೆದಾಗ ಬಾರ್‌ನಲ್ಲಿ ನಿಂತವರು ತಲೆಯೆತ್ತಿ ಒಂದು ಮಾತು ಆಡಿದರೂ ಮನಸ್ಸು ಹಗುರಾಗುತ್ತದೆ. ಅದಕ್ಕೇ ಪ್ರತಿ ಪಬ್‌ಗೂ ಅಲ್ಲಿ ಯಾರಿಗೂ ಗೊತ್ತಿಲ್ಲದ ಒಬ್ಬ ತೀರ್ಪುಗಾರರಾದರೂ ಹೋಗಲಿ ಎಂದು ಕೇಳುತ್ತೇನೆ. ನಾನು ದಿನಾ ಹೋಗುವ ಪಬ್ ಪಟ್ಟಿಯಲ್ಲಿದ್ದರೆ ಆ ವರ್ಷ ನಾನು ತೀರ್ಪಿಗೆ ಕೂರುವುದಿಲ್ಲ.

ಅಂಕ ಕೂಡಿಸುವಾಗ ಇನ್ನೊಂದು ತೊಡಕು. ಒಬ್ಬರು ಮೂರು ಕೊಡುವ ಕಡೆ ಇನ್ನೊಬ್ಬರು ನಾಲ್ಕು ಕೊಡುತ್ತಾರೆ. ಪಟ್ಟಿಯ ಎಲ್ಲ ಪಬ್‌ಗೂ ಹೋದವರ ಅಂಕ ಮಾತ್ರ ಹಿಡಿಯಬೇಕು. ಒಂದನ್ನು ಬಿಟ್ಟವರ ಉಳಿದ ಅಂಕಗಳೂ ಲೆಕ್ಕಕ್ಕಿಲ್ಲ, ಯಾಕೆಂದರೆ ಕೈಬಿಗಿ ತೀರ್ಪುಗಾರರು ಹೋಗದ ಪಬ್ ಸುಮ್ನೆ ಮುಂದೆ ಬಂದುಬಿಡುತ್ತದೆ. ಎಲ್ಲರೂ ಅಂಕ ಬರೆದು ಮುಗಿಸುವವರೆಗೆ ಪಬ್ ಬಗ್ಗೆ ಮಾತಾಡುವಂತಿಲ್ಲ. ಕೊನೆಗೆ, ವರ್ಷವಿಡೀ ಸದಸ್ಯರು ದಾಖಲಿಸಿದ ಬಿಯರ್ ಅಂಕಗಳ ಜೊತೆ ನಮ್ಮದನ್ನು ಇಟ್ಟು ನೋಡುತ್ತೇವೆ. ತುಂಬಾ ಅಂತರ ಕಂಡರೆ ಆ ಪಬ್‌ಗೆ ಮತ್ತೆ ಹೋಗುತ್ತೇವೆ.