ರುಮಟಾಯ್ಡ್ ಸಂಧಿವಾತ: ಊಟ ಹೊಂದಿಸಿಕೊಳ್ಳುವುದು ಹೇಗೆ?

ರುಮಟಾಯ್ಡ್ ಆರ್ಥ್ರೈಟಿಸ್ ಅಂತ ಡಾಕ್ಟರು ಹೇಳಿದ ವಾರದೊಳಗೆ ಮನೆಗೆ ಸಲಹೆಗಳು ಬರತೊಡಗುತ್ತವೆ. ಬದನೆಕಾಯಿ ನಂಜು, ಬಿಡು. ಆಲೂಗಡ್ಡೆ ವಾಯು, ಬಿಡು. ಮೊಸರು ಶೀತ. ಹುಳಿ ಕೀಲಿಗೆ ಆಗದು. ಬೇಳೆ ತಿಂದರೆ ಯೂರಿಕ್ ಆಸಿಡ್ ಏರುತ್ತದೆ. ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಎಲ್ಲರ ಮಾತೂ ಕೇಳಿದರೆ ಕೊನೆಗೆ ತಟ್ಟೆಯಲ್ಲಿ ಉಳಿಯುವುದು ಅನ್ನ, ತಿಳಿಸಾರು ಅಷ್ಟೇ.

ಈ ಕಾಯಿಲೆಯಲ್ಲಿ ಅದು ನಿಜಕ್ಕೂ ಅಪಾಯ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ಇಲ್ಲಿ ನಮ್ಮದೇ ಕೀಲುಗಳ ಒಳಪದರದ ಮೇಲೆ ದಾಳಿ ಮಾಡುತ್ತದೆ. ಉರಿಯೂತ ವರ್ಷಗಟ್ಟಲೆ ಉಳಿದರೆ ಸ್ನಾಯು ಕರಗುತ್ತದೆ, ಮೂಳೆ ತೆಳುವಾಗುತ್ತದೆ, ರಕ್ತ ಕಡಿಮೆಯಾಗುತ್ತದೆ, ಹೃದಯಕ್ಕೂ ತೊಂದರೆ ತಟ್ಟಬಹುದು. ಇಷ್ಟೆಲ್ಲ ಕಾಪಾಡಿಕೊಳ್ಳಬೇಕಾದ ದೇಹಕ್ಕೆ ಊಟ ಕಡಿಮೆ ಮಾಡಿದರೆ ಹೇಗೆ? ಊಟದಿಂದಲೇ ಕಾಯಿಲೆ ವಾಸಿಯಾಗುವುದಿಲ್ಲ, ಮಾತ್ರೆ ಬೇಕೇ ಬೇಕು. ಮಾತ್ರೆಯ ಜೊತೆಗೆ ಮೈ ಗಟ್ಟಿಯಾಗಿ ನಿಲ್ಲಲು ಒಳ್ಳೆಯ ಊಟ ಬೇಕು.

ಮೊದಲು: ಯಾವ ಕೀಲುನೋವು ಅಂತ ಕೇಳಿಕೊಳ್ಳಿ

ಕೀಲುನೋವೆಲ್ಲ ಒಂದೇ ಕಾಯಿಲೆಯಲ್ಲ. ವಯಸ್ಸಾದಂತೆ ಮಂಡಿ ಸವೆಯುವುದು ಬೇರೆ. ಯೂರಿಕ್ ಆಸಿಡ್ ಹರಳುಗಟ್ಟಿ ಕಾಲಿನ ಹೆಬ್ಬೆರಳು ಊದಿಕೊಳ್ಳುವ ಗೌಟ್ ಬೇರೆ. ಲಿವರ್, ಕಿಡ್ನಿಯಂಥ ಮಾಂಸ ಮತ್ತು ಬಿಯರ್ ಬಿಡಿ ಎನ್ನುವುದು ಗೌಟ್ ಇರುವವರ ಪಥ್ಯ. ಅದನ್ನೇ ರುಮಟಾಯ್ಡ್ ಇರುವವರ ಮೇಲೆ ಹೇರಿ, ಬೇಳೆಯನ್ನೂ ಅದರಲ್ಲಿ ಸೇರಿಸಿ ನಿಲ್ಲಿಸಿಬಿಡುತ್ತಾರೆ. ಸಸ್ಯಾಹಾರಿಗಳಿಗೆ ಬೇಳೆ ಹೋದರೆ ಪ್ರೊಟೀನ್ ಎಲ್ಲಿಂದ ಬರಬೇಕು? ದಯವಿಟ್ಟು ಬೇಳೆ ಬಿಡಬೇಡಿ.

ಎರಡನೆಯದು: ಮಾತ್ರೆಗೆ ತಕ್ಕಂತೆ ಊಟ

ನಿಮ್ಮ ಮಾತ್ರೆಗಳ ಚೀಟಿಯನ್ನು ಅಡುಗೆಮನೆಯಲ್ಲೇ ಅಂಟಿಸಿ. ಈ ಕಾಯಿಲೆಗೆ ಹೆಚ್ಚಾಗಿ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮದ್ದು. ಮರೆತು ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ಹಾಗಾಗಿ ಕ್ಯಾಲೆಂಡರಿನಲ್ಲಿ ಆ ಒಂದು ದಿನಕ್ಕೆ ಗುರುತು ಹಾಕಿ. ಇದರ ಜೊತೆ ಡಾಕ್ಟರು ಫೋಲಿಕ್ ಆಸಿಡ್ ಕೊಟ್ಟಿರುತ್ತಾರೆ. ವಾಕರಿಕೆ, ಬಾಯಿಹುಣ್ಣು ಕಡಿಮೆಯಾಗುವುದು ಅದರಿಂದಲೇ. ಸೊಪ್ಪು ತಿನ್ನುತ್ತೇನಲ್ಲ ಅಂತ ಅದನ್ನು ಬಿಡಬೇಡಿ. ಮಾತ್ರೆಯ ದಿನ ಊಟ ಸೇರದಿದ್ದರೆ ಗಂಜಿ, ಇಡ್ಲಿ, ಮೊಸರನ್ನದಂಥ ಹಗುರವಾದದ್ದನ್ನು ಸ್ವಲ್ಪ ಸ್ವಲ್ಪವೇ ತಿನ್ನಿ. ಮದ್ಯ ಬೇಡ, ಲಿವರಿಗೆ ಎರಡು ಕಡೆಯಿಂದ ಏಟು ಬೀಳುತ್ತದೆ.

ನೋವಿನ ಮಾತ್ರೆ ಮತ್ತು ಸ್ಟೀರಾಯ್ಡನ್ನು ಖಾಲಿ ಹೊಟ್ಟೆಯಲ್ಲಿ ನುಂಗಬೇಡಿ. ಸ್ಟೀರಾಯ್ಡ್ ಹಸಿವು ಹೆಚ್ಚಿಸುತ್ತದೆ, ಸಕ್ಕರೆ ಏರಿಸುತ್ತದೆ, ಮೈಯಲ್ಲಿ ನೀರು ನಿಲ್ಲಿಸುತ್ತದೆ, ಮೂಳೆ ತೆಳುವಾಗಿಸುತ್ತದೆ. ಅದು ನಡೆಯುತ್ತಿರುವಾಗ ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿ ಕಡಿಮೆ ಮಾಡಿ. ಸಂಜೆಯ ಹಸಿವಿಗೆ ಹುರಿದ ಕಡಲೆ, ಹೆಸರುಕಾಳಿನ ಉಸಲಿ ಕೈಗೆ ಸಿಗುವಂತಿರಲಿ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಮೂರನೆಯದು: ತಟ್ಟೆ ತುಂಬಿಸಿ

ಅಮೆರಿಕದ ಸಂಧಿವಾತ ತಜ್ಞರ ಸಂಘ (ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ) 2022ರ ಮಾರ್ಗಸೂಚಿಯಲ್ಲಿ ಈ ಕಾಯಿಲೆಗೆ ಮೆಡಿಟರೇನಿಯನ್ ಮಾದರಿಯ, ಅಂದರೆ ಗ್ರೀಸ್, ಇಟಲಿ ಕಡೆಯವರ ಊಟವನ್ನು ಸೂಚಿಸಿತು. ಬೇರೆ ಕಟ್ಟುನಿಟ್ಟಿನ ಡಯೆಟ್‌ಗಳನ್ನಾಗಲಿ ಸಪ್ಲಿಮೆಂಟ್‌ಗಳನ್ನಾಗಲಿ ಸೂಚಿಸಲಿಲ್ಲ. ಆಲಿವ್ ಎಣ್ಣೆ ಹುಡುಕಿಕೊಂಡು ಸೂಪರ್ ಮಾರ್ಕೆಟ್ಟಿಗೆ ಹೋಗಬೇಕಿಲ್ಲ. ತರಕಾರಿ, ಹಣ್ಣು, ಕಾಳು, ಇಡಿ ಧಾನ್ಯ, ಮೀನು ಜಾಸ್ತಿ. ಕರಿದದ್ದು, ಸಿಹಿ, ಕೆಂಪು ಮಾಂಸ ಕಮ್ಮಿ. ಅದರ ತಿರುಳು ಇಷ್ಟೇ. ನಮ್ಮ ಮೊಳಕೆಕಾಳಿನ ಬಸ್ಸಾರು, ಸೊಪ್ಪಿನ ಪಲ್ಯ, ಕೋಸಂಬರಿ ಎಲ್ಲ ಇದಕ್ಕೆ ಚೆನ್ನಾಗಿ ಒಗ್ಗುತ್ತವೆ. ಅನ್ನದ ರಾಶಿ ಚಿಕ್ಕದಾಗಬೇಕು, ಪಲ್ಯ ದೊಡ್ಡದಾಗಬೇಕು. ಪಲ್ಯವನ್ನು ಎಲೆಯ ತುದಿಗೆ ಒಂದು ಚಮಚ ಬಡಿಸುವ ಅಭ್ಯಾಸ ನಮ್ಮದು, ಅಲ್ವಾ? ಅದನ್ನು ಬದಲಾಯಿಸಿದರೆ ಅರ್ಧ ಕೆಲಸ ಆದಂತೆ.

ಮೀನು ತಿನ್ನುವವರಿಗೆ ಬಂಗುಡೆ, ಬೂತಾಯಿ ಒಳ್ಳೆಯದು. ಉರಿಯೂತ ತಗ್ಗಿಸಲು ನೆರವಾಗುವ ಒಮೆಗಾ-3 ಕೊಬ್ಬು ಇವುಗಳಲ್ಲಿ ಸಾಕಷ್ಟಿದೆ. ಎಣ್ಣೆಯಲ್ಲಿ ಕರಿಯದೆ ಸಾರು ಮಾಡಿ, ವಾರಕ್ಕೆ ಎರಡು ಸಲ ತಿಂದರೆ ಸಾಕು. ಸಸ್ಯಾಹಾರಿಗಳಿಗೆ ಅಗಸೆ ಚಟ್ನಿಪುಡಿ ಇದೆ. ಅಗಸೆಯ ಒಮೆಗಾ-3 ದೇಹದಲ್ಲಿ ಮೀನಿನದರಂತೆ ಬದಲಾಗುವುದು ಸ್ವಲ್ಪವೇ. ಆದರೂ ರೊಟ್ಟಿಗೆ ದಿನಾ ಒಂದು ಚಮಚ ಇರಲಿ.

ಮೂಳೆಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇರುತ್ತದೆ. ಎರಡು ಲೋಟ ಹಾಲು ಅಥವಾ ಮೊಸರಿನಿಂದ ಇನ್ನೊಂದು 450ರಷ್ಟು ಬರುತ್ತದೆ. ಉಳಿದದ್ದಕ್ಕೆ ನುಗ್ಗೆಸೊಪ್ಪು, ಎಳ್ಳು ಇವೆ. ಮೊಸರು ಬಿಡು ಅನ್ನುವವರಿಗೆ ಈ ಲೆಕ್ಕ ತೋರಿಸಿ. ರಕ್ತ ಕಡಿಮೆ ಇದ್ದರೆ ಊಟದ ಜೊತೆಗೇ ಕಾಫಿ, ಟೀ ಬೇಡ. ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿದರೆ ಅದರ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ.

ನಾಲ್ಕನೆಯದು: ನೋಯುವ ಕೈಗೆ ತಕ್ಕ ಅಡುಗೆ

ಡಯೆಟ್ ಚೀಟಿಗಳಲ್ಲಿ ಇದು ಇರುವುದೇ ಇಲ್ಲ. ಈ ಕಾಯಿಲೆ ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಜಾಸ್ತಿ. ನಮ್ಮ ಮನೆಗಳಲ್ಲಿ ಅಡುಗೆ ಮಾಡುವವರೂ ಹೆಚ್ಚಾಗಿ ಅವರೇ. ಬೆಳಗ್ಗೆ ಎದ್ದ ಕೂಡಲೇ ಬೆರಳು ಮಡಚಲು ಆಗುವುದಿಲ್ಲ. ಒಂದು ಗಂಟೆಯೋ ಅದಕ್ಕಿಂತ ಜಾಸ್ತಿಯೋ ಹಾಗೇ ಬಿಗಿದುಕೊಂಡಿರುತ್ತದೆ. ತಿಂಡಿ, ಡಬ್ಬಿ ಎರಡೂ ಆಗಬೇಕಾದದ್ದು ಅದೇ ಹೊತ್ತಿನಲ್ಲಿ. ಒಳ್ಳೆಯದನ್ನು ತಿನ್ನಿ ಅಂತ ಹೇಳುವುದು ಸುಲಭ, ಆ ಕೈಯಲ್ಲಿ ಕಾಯಿ ತುರಿಯುವವರು ಯಾರು?

ಹಾಗಾಗಿ ಕೆಲಸವನ್ನು ಸಂಜೆಗೆ ಸರಿಸಿ. ಕಾಳು ನೆನೆಹಾಕುವುದು, ತರಕಾರಿ ಹೆಚ್ಚುವುದು ಆಗಲೇ ಮುಗಿಯಲಿ. ವಾರಕ್ಕಾಗುವಷ್ಟು ಕಾಯಿಯನ್ನು ಬೇರೆಯವರು ತುರಿದು ಫ್ರೀಜರಿನಲ್ಲಿ ಇಡಲಿ. ಈಳಿಗೆಮಣೆ ಹಾಕಿಕೊಂಡು ನೆಲದ ಮೇಲೆ ಕೂರಬೇಡಿ, ಮೇಜಿನ ಮುಂದೆ ಕುರ್ಚಿ ಹಾಕಿಕೊಳ್ಳಿ. ಚಾಕುವಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಬೆರಳಿಗೆ ಆರಾಮ. ಪಾತ್ರೆಯನ್ನು ಎರಡೂ ಅಂಗೈ ಕೊಟ್ಟು ಎತ್ತಿ, ಬೆರಳ ತುದಿಯಲ್ಲಿ ಬೇಡ. ದೊಡ್ಡ ಕುಕ್ಕರ್ ಬದಲು ಚಿಕ್ಕದನ್ನು ಎರಡು ಸಲ ಇಡಿ. ಮುದ್ದೆ ತಿರುವಲು ರಟ್ಟೆ, ಮಣಿಕಟ್ಟು ಎರಡಕ್ಕೂ ಬಲ ಬೇಕು. ನೋವಿರುವ ದಿನ ಅದೇ ರಾಗಿಯ ಅಂಬಲಿ ಅಥವಾ ದೋಸೆ ಮಾಡಿ. ಚಪಾತಿ ಹಿಟ್ಟು ನಾದುವುದನ್ನು ಮನೆಯ ಗಂಡಸರು, ಮಕ್ಕಳು ವಹಿಸಿಕೊಳ್ಳಲಿ. ನೋವು ಕಡಿಮೆ ಇರುವ ದಿನವೂ ಅದು ಅವರ ಕೆಲಸವಾಗಿಯೇ ಇರಲಿ.

ಕೊನೆಯದು: ಅನುಮಾನವಿದ್ದರೆ ಒಂದೊಂದೇ ಪರೀಕ್ಷಿಸಿ

ಬದನೆ, ಟೊಮೆಟೊ, ಆಲೂಗಡ್ಡೆ ಎಲ್ಲರಿಗೂ ಕೀಲುನೋವು ತರುತ್ತವೆ ಎನ್ನಲು ಗಟ್ಟಿ ಆಧಾರವಿಲ್ಲ. ನಿಮಗೆ ಯಾವುದೋ ಒಂದು ಆಗುತ್ತಿಲ್ಲ ಅನಿಸಿದರೆ ಅದೊಂದನ್ನೇ ಮೂರ್ನಾಲ್ಕು ವಾರ ಬಿಟ್ಟು ನೋಡಿ. ಆಮೇಲೆ ಮತ್ತೆ ತಿನ್ನಿ. ಬೆಳಗಿನ ಬಿಗಿತ ಎಷ್ಟು ಹೊತ್ತಿತ್ತು ಅಂತ ದಿನಾ ಬರೆದಿಡಿ. ವ್ಯತ್ಯಾಸ ಕಾಣದಿದ್ದರೆ ಸುಮ್ನೆ ಭಯಪಡದೆ ತಿನ್ನಿ.

ಸಾರು, ಪಲ್ಯಕ್ಕೆ ಹಾಕುವ ಅರಿಶಿನದಿಂದ ತೊಂದರೆಯಿಲ್ಲ. ಅದರ ಕ್ಯಾಪ್ಸೂಲ್ ಬೇರೆಯೇ ವಿಷಯ. ಅದರಿಂದ ಲಿವರಿಗೆ ಹಾನಿಯಾದ ಉದಾಹರಣೆಗಳಿವೆ. ಕಷಾಯ, ಪುಡಿ, ಕ್ಯಾಪ್ಸೂಲ್ ಏನೇ ತೆಗೆದುಕೊಳ್ಳುತ್ತಿದ್ದರೂ ಮುಂದಿನ ಸಲ ಡಬ್ಬಿಯ ಸಮೇತ ಡಾಕ್ಟರಿಗೆ ತೋರಿಸಿ. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ಆಗಾಗ ಲಿವರ್ ಪರೀಕ್ಷೆ ಮಾಡಿಸುತ್ತಾರೆ. ಅಂಕಿ ಏರಿದರೆ ಕಾರಣ ಹುಡುಕಲು ಆ ಡಬ್ಬಿಯ ವಿಷಯ ಅವರಿಗೆ ಗೊತ್ತಿರಬೇಕು.