ಮೊಂತಿ ಹಬ್ಬಕ್ಕೆ ನಮ್ಮದೇ ಗದ್ದೆಯ ತೆನೆ

ನಾನು ಗುರ್ಕಾರ್ನ್ ಆಗಿದ್ದು ಅಡುಗೆಮನೆಯಲ್ಲಿದ್ದಾಗ. ವಾಡೊದ ಚುನಾವಣೆ ಆ ವರ್ಷ ನಮ್ಮ ಮನೆಯಲ್ಲೇ ಇತ್ತು. ಯಾರೂ ಕೈ ಎತ್ತದೆ ಹತ್ತು ನಿಮಿಷ ಆಗಿತ್ತು. ಚಹಾ ಉಕ್ಕುತ್ತಿದೆ ಅಂತ ಒಳಗೆ ಓಡಿದೆ. ಹೊರಗೆ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಉಡುಪಿ, ಮಂಗಳೂರು ಕಡೆಯ ಕ್ಯಾಥೊಲಿಕ್ ಚರ್ಚುಗಳಲ್ಲಿ ಮನೆಗಳನ್ನು ವಾಡೊ ಅಂತ ಭಾಗ ಮಾಡಿರುತ್ತಾರೆ. ಒಂದೊಂದು ವಾಡೊಗೆ ಒಬ್ಬ ಗುರ್ಕಾರ್, ಹೆಂಗಸಾದರೆ ಗುರ್ಕಾರ್ನ್. ಯಾರಾದರೂ ತೀರಿಕೊಂಡರೆ ಮೊದಲ ಫೋನು ಅವರಿಗೆ ಬರುತ್ತದೆ. ಚರ್ಚಿನ ಗಂಟೆ ಬಾರಿಸಲು ಹೇಳುವುದು, ಶವಪೆಟ್ಟಿಗೆ, ಫ್ರೀಜರ್, ದುಬೈಯಲ್ಲಿರುವ ಮಗನ ವಿಮಾನ ಎಷ್ಟು ಗಂಟೆಗೆ ಅಂತ ಫಾದರ್‌ಗೆ ತಿಳಿಸುವುದು, ಎಲ್ಲ ಅವರದ್ದೇ ಕೆಲಸ. ಮದುವೆ ಇದ್ದರೆ, ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ ರೋಸ್‌ಗೆ ಹೋಗಬೇಕು, ವಂತಿಗೆ ಬರೆದಿಡಬೇಕು. ಜಗಳ ಬಿಡಿಸುವ ಕೆಲಸ ಪುಸ್ತಕದಲ್ಲಿ ಬರೆದಿಲ್ಲ, ಆದರೆ ಅದೇ ಜಾಸ್ತಿ.

ನಮ್ಮ ವಾಡೊದಲ್ಲಿ 34 ಮನೆ. ಚರ್ಚಿನಲ್ಲಿ ಒಟ್ಟು 260. ಹಳ್ಳಿ ಅಂದರೆ ಪೂರ್ತಿ ಹಳ್ಳಿ, ಬಸ್ಸು ಇಳಿದು ಒಂದು ಕಿಲೋಮೀಟರ್ ನಡೆಯಬೇಕು. ಅರ್ಧಕ್ಕರ್ಧ ಮನೆಗಳಲ್ಲಿ ವಯಸ್ಸಾದವರಿಬ್ಬರೇ. ಮಕ್ಕಳು ಗಲ್ಫ್, ಮುಂಬೈ, ಬೆಂಗಳೂರು. ಇಬ್ಬರು ಇಸ್ರೇಲಿನಲ್ಲಿ ವೃದ್ಧರ ಆರೈಕೆ ಕೆಲಸದಲ್ಲಿದ್ದಾರೆ. ತಿಂಗಳಿಗೊಮ್ಮೆ ಒಂದೊಂದು ಮನೆಯಲ್ಲಿ ವಾಡೊದ ಸಭೆ. ಬೈಬಲ್ ಓದು, ಪ್ರಾರ್ಥನೆ, ಸ್ವಲ್ಪ ಮಾತು, ಚಹಾ. ವಾಟ್ಸಾಪ್‌ನಲ್ಲಿ ಹಾಕಿದರೆ ಇಪ್ಪತ್ತು ಹೆಬ್ಬೆರಳು ಬರುತ್ತಿತ್ತು. ಸಭೆಗೆ ಬರುತ್ತಿದ್ದವರು ಎಂಟು ಜನ. ಅದೂ ಪ್ರತಿ ಸಲ ಅದೇ ಎಂಟು.

ಭಕ್ತಿ ಕಡಿಮೆಯಾಗಿದೆ ಅಂತ ನಾನೂ ಎಲ್ಲರ ಹಾಗೆ ಹೇಳಿಕೊಂಡು ತಿರುಗುತ್ತಿದ್ದೆ. ಕಾರಣ ಗೊತ್ತಾಗಿದ್ದು ಬೀಡಿ ಕಟ್ಟುವ ಒಬ್ಬ ವಿಧವೆಯ ಮನೆಯಲ್ಲಿ. ಮುಂದಿನ ಸಭೆ ನಿಮ್ಮಲ್ಲಿ ಮಾಡೋಣವಾ ಅಂತ ಕೇಳಿದೆ. ಮೊದಲು ಸುಣ್ಣ ಬಳಿದಿಲ್ಲ ಅಂದಳು. ಆಮೇಲೆ ನಾಯಿ ಕಚ್ಚುತ್ತದೆ ಅಂದಳು. ನಾಯಿ ನನ್ನ ಕಾಲ ಹತ್ತಿರವೇ ಮಲಗಿತ್ತು. ಕೊನೆಗೆ ಮೊರದಲ್ಲಿದ್ದ ಎಲೆ ಕತ್ತರಿಸುತ್ತಾ, ತಲೆ ಎತ್ತದೆ ಹೇಳಿದಳು, "ಬಾಯ್, ಹೋದ ಸಲ ಆ ಮನೆಯಲ್ಲಿ ಕಟ್ಲೆಟ್, ಕೇಕು, ಐಸ್‌ಕ್ರೀಮ್ ಕೊಟ್ಟರಲ್ಲ. ನನ್ನಿಂದ ಆಗ್ತದಾ ಅದೆಲ್ಲ?"

ತಿಂಡಿಯಲ್ಲಿ ಪೈಪೋಟಿ ಶುರುವಾಗಿ ಎಷ್ಟು ವರ್ಷವಾಗಿತ್ತೋ. ಕೊಡಲು ಆಗದವರು ಕರೆಯುವುದು ಬಿಟ್ಟರು. ಕರೆಯಲು ಆಗದವರು ಇನ್ನೊಬ್ಬರ ಮನೆಗೆ ಹೋಗಿ ತಿನ್ನುವುದು ಹೇಗೆ ಅಂತ ಬರುವುದನ್ನೂ ಬಿಟ್ಟರು. ಮುಂದಿನ ಸಭೆಯಲ್ಲೇ ನಿಯಮ ಮಾಡಿದೆ: ಚಹಾ ಮತ್ತು ಒಂದೇ ಒಂದು ತಿಂಡಿ. ಅವಲಕ್ಕಿ, ಚರುಮುರಿ, ಬನ್ಸ್, ಯಾವುದಾದರೂ ಒಂದು. ಐಸ್‌ಕ್ರೀಮ್ ಮನೆಯವರಿಗೆ ಬೇಸರವಾಯಿತು, ನನ್ನ ಹತ್ತಿರ ಮಾತು ಬಿಟ್ಟರು. ಆಗಲಿ. ಆರು ತಿಂಗಳಲ್ಲಿ ಸಭೆಗೆ ಇಪ್ಪತ್ತು ಜನ ಆಗತೊಡಗಿದರು.

ಬಂದವರು ಸುಮ್ನೆ ಕೂತು ಹೋಗುತ್ತಿದ್ದರು ಅನ್ನುವುದೂ ನಿಜ. ಕೈಗೆ ಕೆಲಸ ಬಂದದ್ದು ಮೊಂತಿ ಹಬ್ಬದಿಂದ.

ಸೆಪ್ಟೆಂಬರ್ 8 ಮರಿಯಮ್ಮ ಹುಟ್ಟಿದ ದಿನ. ನಮಗೆ ಅದು ಹೊಸ ಅಕ್ಕಿಯ ಹಬ್ಬವೂ ಹೌದು. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಹೂ ತಂದು ಬಾಲೆ ಮರಿಯಮ್ಮನ ಮೂರ್ತಿಗೆ ಹಾಕುತ್ತಾರೆ. ಹತ್ತನೇ ದಿನ ತೆನೆ ಆಶೀರ್ವಾದ ಮಾಡಿ ಮನೆ ಮನೆಗೆ ಹಂಚುವುದು. ಮೊಂತಿ ಅಂದರೆ ಏನು ಅಂತ ಸಭೆಯಲ್ಲಿ ಒಬ್ಬ ಹುಡುಗ ಕೇಳಿದ್ದ. ಮೊಂತೆ ಅಂದರೆ ಗುಡ್ಡ. ನೇತ್ರಾವತಿ ದಂಡೆಯ ಫರಂಗಿಪೇಟೆಯಲ್ಲಿ ಮೊಂತೆ ಮರಿಯಾನೊ ಅಂತ ಗುಡ್ಡದ ಮೇಲಿನ ಚರ್ಚು ಇದೆ. ಅಲ್ಲಿ 1763ರಲ್ಲಿ ಗೋವಾದ ಫಾದರ್ ಜೊವಾಕಿಮ್ ಮಿರಾಂಡ ಈ ಹಬ್ಬ ಶುರು ಮಾಡಿದರು ಅಂತ ನಾವು ಕೇಳಿಕೊಂಡು ಬಂದದ್ದು. 2012ರಲ್ಲಿ ಉಡುಪಿ ಧರ್ಮಪ್ರಾಂತ್ಯ ಬೇರೆಯಾಯಿತು, ಅದಕ್ಕೆ ಮೊದಲು ನಾವೂ ಮಂಗಳೂರಿಗೆ ಸೇರಿದವರೇ. ಹಬ್ಬ ಮಾತ್ರ ಎರಡೂ ಕಡೆ ಒಂದೇ.

ನಮ್ಮ ಚರ್ಚಿಗೆ ತೆನೆ ಕೊಡುತ್ತಿದ್ದ ಹಿರಿಯರು ಗದ್ದೆಗೆ ಅಡಿಕೆ ಹಾಕಿದರು. ಇನ್ನು ಮುಂದೆ ವಾಡೊಗಳು ಸರದಿಯಲ್ಲಿ ತೆನೆ ತರಬೇಕು ಅಂತ ಪಾಲನಾ ಮಂಡಳಿಯಲ್ಲಿ ತೀರ್ಮಾನ ಆಯಿತು. ಮೊದಲ ಸರದಿ ನಮ್ಮದು. 34 ಮನೆಯಲ್ಲಿ ಒಬ್ಬರದ್ದೂ ಗದ್ದೆ ಉಳಿದಿರಲಿಲ್ಲ. ತೋಡಿನ ಪಕ್ಕ 15 ಸೆಂಟ್ಸ್ ಜಾಗ ಆರು ವರ್ಷದಿಂದ ಬೇಸಾಯವಿಲ್ಲದೆ ಹಡಿಲು ಬಿದ್ದಿತ್ತು. 2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿ ಬೇಸಾಯದ ಆಂದೋಲನ ನಡೆದಾಗಲೂ ಅದರ ಕಡೆ ಯಾರೂ ನೋಡಿರಲಿಲ್ಲ. ಯಜಮಾನರು ಮುಂಬೈಯಲ್ಲಿ. ಫೋನು ಮಾಡಿದೆ. "ಮಾಡಿ ಮಾಡಿ, ನನಗೂ ಎರಡು ತೆನೆ ಕಳಿಸಿದರೆ ಸಾಕು" ಅಂದರು.

ಮೊದಲ ವರ್ಷ ಪೂರ್ತಿ ಎಡವಟ್ಟು. ತಪ್ಪು ನನ್ನದೇ. ಎಲ್ಲರೂ ಹಾಕುವ ಎಂಒ4 ತಳಿಯ ಭತ್ತದ ಬೀಜ ತಂದು, ಎಲ್ಲರೂ ಹಾಕುವ ಹಾಗೆ ಜೂನ್ ಮಧ್ಯದ ಮೇಲೆ ನೇಜಿ (ನಾಟಿಗೆ ಬೇಕಾದ ಸಸಿ) ಹಾಕಿದೆವು. ಗದ್ದೆ ಹಸಿರಾಗಿ ಚಂದ ಬಂತು. ಎಲ್ಲರೂ ಫೋಟೊ ತೆಗೆದು ಸ್ಟೇಟಸ್ ಹಾಕಿದರು. ಸೆಪ್ಟೆಂಬರ್ ಮೊದಲ ವಾರ ಹೋಗಿ ನೋಡಿದರೆ ಒಂದೂ ತೆನೆ ಇಲ್ಲ. ಗಿಡ ಬಿಡಿಸಿ ನೋಡಿದೆ, ಹೊಡೆ, ಅಂದರೆ ಎಳೆ ತೆನೆ, ಇನ್ನೂ ಒಳಗೇ ಇತ್ತು. ಎಂಒ4 ಕೊಯ್ಲಿಗೆ ಬರಲು ಸುಮಾರು 130 ದಿನ ಬೇಕು, ನಾವು ಕೊಟ್ಟದ್ದು 80 ದಿನ! ಹಬ್ಬದ ಹಿಂದಿನ ದಿನ ರಿಕ್ಷಾ ಮಾಡಿಕೊಂಡು ಪಕ್ಕದ ಊರಿಗೆ ಹೋಗಿ ತೆನೆ ಬೇಡಿ ತಂದೆವು. "ವಾಡೊದ ಗದ್ದೆ ನೋಡ್ಲಿಕ್ಕೆ ಮಾತ್ರ" ಅಂತ ತಮಾಷೆ ಮಾಡಿದವರಿಗೆ ಲೆಕ್ಕವಿಲ್ಲ.

ಇನ್ನೊಂದು ವರ್ಷ ನಮಗೇ ಕೊಡಿ ಅಂತ ಫಾದರ್ ಹತ್ತಿರ ಕೇಳಿಕೊಂಡೆ. ಈ ಸಲ ಕ್ಯಾಲೆಂಡರ್ ಹಿಂದಿನಿಂದ ಎಣಿಸಿದೆವು. ದಾರಿ ತೋರಿಸಿದ್ದು ಪಕ್ಕದ ಮನೆಯ ಶೆಟ್ರು. ಅವರ ಮನೆಯಲ್ಲೂ ತೆನೆ ಕಟ್ಟುವುದು, ಹೊಸ ಅಕ್ಕಿ ಊಟ ಎಲ್ಲ ಇದೆ. ಬೇಲಿಯಾಚೆಯಿಂದಲೇ ಹೇಳಿದರು, "ಬಾಯಮ್ಮ, ಜ್ಯೋತಿ ತಳಿ ಹಾಕಿ. 115, 120 ದಿನದ ಬೆಳೆ. ಕೊಯ್ಲಿಗೆ ಒಂದು ತಿಂಗಳು ಇದೆ ಅನ್ನುವಾಗ ತೆನೆ ಹೊರಗೆ ಬರ್ತದೆ. ಅದಕ್ಕೆ ಹಾಲು ತುಂಬಲು ಹದಿನೈದು ದಿನ ಬಿಡಿ." ಅಂದರೆ ಬೀಜ ಬಿತ್ತಿ 100 ದಿನಕ್ಕೆ ಹಬ್ಬ ಬರಬೇಕು. ಸೆಪ್ಟೆಂಬರ್ 8ರಿಂದ ನೂರು ದಿನ ಹಿಂದೆ ಹೋದರೆ ಮೇ 31. ಚರ್ಚಿನ ಕ್ಯಾಲೆಂಡರಿನಲ್ಲಿ ಆ ದಿನ ಮರಿಯಮ್ಮ ಎಲಿಜಬೆತಳ ಮನೆಗೆ ಹೋದ ಹಬ್ಬ. ಇದನ್ನು ಸಭೆಯಲ್ಲಿ ಹೇಳಿದಾಗ ಅಜ್ಜಿಯಂದಿರು ಶಿಲುಬೆ ಗುರುತು ಮಾಡಿಕೊಂಡರು. ಆಮೇಲೆ ಯಾರನ್ನೂ ಒಪ್ಪಿಸಬೇಕಾಗಿ ಬರಲಿಲ್ಲ.

ಐದು ಕೆ.ಜಿ. ಬೀಜ ಸಾಕಾಯಿತು. ಮಳೆ ಇನ್ನೂ ಬಂದಿರಲಿಲ್ಲ, ನೇಜಿ ಮಡಿಗೆ ಬಾವಿಯಿಂದ ಪಂಪು ಇಟ್ಟು ನೀರು ಬಿಟ್ಟೆವು. ಟಿಲ್ಲರ್ ಬಾಡಿಗೆಗೆ ತಂದೆವು. ನಾಟಿ ಯಂತ್ರ ಅಷ್ಟು ಸಣ್ಣ ಗದ್ದೆಗೆ ಬರುವುದಿಲ್ಲ ಅಂದರು, ಒಳ್ಳೆಯದೇ ಆಯಿತು. ಒಂದು ಭಾನುವಾರ ಬೆಳಗಿನ ಪೂಜೆ ಮುಗಿಸಿ 23 ಜನ ಗದ್ದೆಗೆ ಇಳಿದೆವು. ನೆಡಲು ಸರಿಯಾಗಿ ಗೊತ್ತಿದ್ದವರು ನಾಲ್ಕೇ ಹೆಂಗಸರು, ಎಲ್ಲರೂ ಅರುವತ್ತು ದಾಟಿದವರು. ಅದರಲ್ಲಿ ಬೀಡಿ ಕಟ್ಟುವವಳೂ ಒಬ್ಬಳು. ಸಭೆಯಲ್ಲಿ ಬಾಯಿ ಬಿಡದವಳು ಕೆಸರಿನಲ್ಲಿ ನಿಂತು ಎಂಜಿನಿಯರ್ ಹುಡುಗರಿಗೆ ಬೈಯುತ್ತಿದ್ದಳು. "ಮೂರು ಗಿಡ ಮಾರಾಯಾ, ಹತ್ತಲ್ಲ! ಬೆರಳು ಮೊದಲು ಹೋಗಬೇಕು, ಬೇರು ಆಮೇಲೆ!" ನಾನು ನೆಟ್ಟ ಸಾಲು ಹಾವಿನ ಹಾಗೆ ಇತ್ತು. ಪೂಜೆ ಕೊಂಕಣಿಯಲ್ಲಿ, ಗದ್ದೆಯಲ್ಲಿ ಮಾತ್ರ ಎಲ್ಲರ ಬಾಯಲ್ಲೂ ತುಳು. ಯಾಕೋ ಗೊತ್ತಿಲ್ಲ, ಕೆಸರಿನ ಭಾಷೆ ಅದೇ ಅನಿಸುತ್ತದೆ.

ಆಮೇಲೆ ಪಾಳಿ. ಹುಲ್ಲು ತೆಗೆಯುವುದು, ಹುಣಿ (ಗದ್ದೆಯ ಬದು) ಒಡೆದರೆ ಕಟ್ಟುವುದು, ನವಿಲು ಓಡಿಸುವುದು. ನವಿಲು ಚಂದ ಅನ್ನುವವರು ಗದ್ದೆ ಮಾಡಿದವರಲ್ಲ. ಹಳೆಯ ಸೀರೆ ಕೇಳಿದೆ, ಹದಿನೆಂಟು ಬಂತು. ಸುತ್ತ ಕಟ್ಟಿದೆವು. ಒಂದರಲ್ಲಿ ಜರಿ ಇತ್ತು. ಐಸ್‌ಕ್ರೀಮ್ ಮನೆಯವರದ್ದು. ಮಾತು ಶುರುವಾದದ್ದೂ ಆ ಸೀರೆಯಿಂದಲೇ.

ಸೆಪ್ಟೆಂಬರ್ 7ರ ಸಂಜೆ ಮಳೆಯಲ್ಲೇ ತೆನೆ ಕೊಯ್ದೆವು. ಈ ವಿಷಯ ಮುಂದೆ ಮಾಡುವವರಿಗೆ ಉಪಯೋಗಕ್ಕೆ ಬರಬಹುದು: ತೆನೆಗೆ ಅಂತ 15 ಸೆಂಟ್ಸ್ ಬೇಕಾಗಿಯೇ ಇಲ್ಲ, ಒಂದು ಸೆಂಟ್ ಇದ್ದರೆ ಧಾರಾಳ. ಮನೆಗೆ ಮೂರು ತೆನೆಯ ಒಂದು ಕಟ್ಟು, ಹಬ್ಬಕ್ಕೆ ಊರಿಗೆ ಬಂದವರಿಗೂ ಸೇರಿ 300 ಕಟ್ಟು, ಅಂದರೆ 900 ತೆನೆ. ಕಟ್ಟಲು ಬಾಳೆ ನಾರು. ಒದ್ದೆ ತೆನೆಯನ್ನು ರಾಶಿ ಹಾಕಿದರೆ ರಾತ್ರಿಯೊಳಗೆ ಬಿಸಿಯಾಗುತ್ತದೆ, ಗೆರಸೆಯಲ್ಲಿ ತೆಳ್ಳಗೆ ಹರಡಬೇಕು. ಗದ್ದೆಗೆ ಹತ್ತಿರದ ಜಗಲಿ ಬೀಡಿ ಮನೆಯದ್ದು. ರಾತ್ರಿ ಹನ್ನೊಂದರವರೆಗೆ ಹನ್ನೆರಡು ಜನ ಅಲ್ಲೇ ಕೂತು ಕಟ್ಟಿದೆವು. ಚಹಾ ಮತ್ತು ಅವಲಕ್ಕಿ. ನಾಯಿ ಯಾರನ್ನೂ ಕಚ್ಚಲಿಲ್ಲ.

ಬೆಳಿಗ್ಗೆ ಗ್ರೊಟ್ಟೊ (ಮರಿಯಮ್ಮನ ಗುಹೆ) ಮುಂದೆ ಆಶೀರ್ವಾದ, ಮೆರವಣಿಗೆ, ಪೂಜೆ. ಮಕ್ಕಳ ಬುಟ್ಟಿಯಲ್ಲಿ ದಾಸವಾಳ, ಗೊಂಡೆ, ಕರ್ಣಕುಂಡಲ, ಕೇಪಳ. ಅರ್ಧ ಹೂವು ಶೆಟ್ರ ಬೇಲಿಯದ್ದು ಅಂತ ಎಲ್ಲರಿಗೂ ಗೊತ್ತು. ಶೆಟ್ರಿಗೂ ಗೊತ್ತು. ಪೂಜೆ ಆದ ಮೇಲೆ ಹಂಚುವ ಕಬ್ಬಿಗೆ ನೂಕುನುಗ್ಗಲು. ಅದನ್ನು ಸರಿ ಮಾಡಲು ನಾನು ಹೋಗಲಿಲ್ಲ, ಕಬ್ಬಿಗೆ ನೂಕಾಟ ಇಲ್ಲದ ಮೊಂತಿ ಹಬ್ಬ ಹಬ್ಬವೇ?

ಮನೆಗೆ ಬಂದು ಕಾಳಿನ ಸಿಪ್ಪೆ ಉಗುರಿನಲ್ಲಿ ಬಿಡಿಸಿದೆ. ಒತ್ತಿದರೆ ಇನ್ನೂ ಮೆತ್ತಗೆ, ಬೆರಳಿಗೆ ಬಿಳಿ ಅಂಟುತ್ತಿತ್ತು. ಜಜ್ಜಿ ತೆಂಗಿನ ಹಾಲು, ಬೆಲ್ಲಕ್ಕೆ ಹಾಕಿ ಪ್ರಾರ್ಥನೆ ಮಾಡಿ ಎಲ್ಲರಿಗೂ ಒಂದೊಂದು ಚಮಚ. ನಂತರ ಬಾಳೆಎಲೆಯಲ್ಲಿ ಸಸ್ಯಾಹಾರಿ ಊಟ. ಪದಾರ್ಥಗಳ ಲೆಕ್ಕ ಬೆಸ ಇರಬೇಕು ಅಂತ ನಮ್ಮ ಅತ್ತೆಯ ಕಾಲದಿಂದ ಬಂದದ್ದು. ಏಳು ಮಾಡಿದ್ದೆ, ಕೆಸುವಿನ ದಂಟಿಗೆ ಅಮಟೆಕಾಯಿ ಹಾಕಿದ್ದೂ ಸೇರಿ. ಊಟವಾದ ಮೇಲೆ ಮುಂಬೈಗೆ, ದುಬೈಗೆ, ಇಸ್ರೇಲಿಗೆ ಅಂತ ಒಣಗಿಸಲು ಹತ್ತತ್ತು ಕಾಳು ಕಾಗದದಲ್ಲಿ ಕಟ್ಟಿಟ್ಟೆ.

ಉಳಿದ ಬೆಳೆ ಅಕ್ಟೋಬರ್ ಮೊದಲ ವಾರ ಕೊಯ್ದೆವು. ಗದ್ದೆ ಹಸಿ ಇತ್ತು, ಯಂತ್ರ ಹೂತುಹೋಗುತ್ತದೆ ಅಂತ ಕತ್ತಿಯಲ್ಲೇ. ಭತ್ತ 160 ಕೆ.ಜಿ. ಬಂತು. ಬೇಯಿಸಿ ಮಿಲ್ಲಿಗೆ ಕೊಟ್ಟಾಗ ಕುಚ್ಚಲಕ್ಕಿ ಸುಮಾರು ಒಂದು ಕ್ವಿಂಟಾಲ್. ಟಿಲ್ಲರ್ ಬಾಡಿಗೆ, ಗೊಬ್ಬರ ಎಲ್ಲ ಕೂಡಿಸಿದರೆ ಅಂಗಡಿ ಅಕ್ಕಿಯೇ ಅಗ್ಗ. ಖರ್ಚಿನ ಚೀಟಿ ಸಭೆಯಲ್ಲಿ ಓದಿದೆ, ಯಾರೂ ತಕರಾರು ಮಾಡಲಿಲ್ಲ. ಅಕ್ಕಿಯಲ್ಲಿ ಅರ್ಧ ಚರ್ಚಿನ ವಾರ್ಷಿಕ ಹಬ್ಬವಾದ ಸಾಂತ್‌ಮಾರಿ ಊಟಕ್ಕೆ, ಅರ್ಧ ಒಬ್ಬೊಬ್ಬರೇ ಇರುವ ಮನೆಗಳಿಗೆ.

ಮುಂದಿನ ಸರದಿ ಬೇರೆ ವಾಡೊದ್ದು. ಆದರೂ ನಮ್ಮವರು ಬಿಡುತ್ತಿಲ್ಲ, ಗದ್ದೆ ಮಾಡಲೇಬೇಕು ಅನ್ನುತ್ತಿದ್ದಾರೆ. ಮುಂಬೈಯ ಯಜಮಾನರ ಮಗ ಮಾತ್ರ ಅಲ್ಲಿ ಮನೆ ಕಟ್ಟುವ ಯೋಚನೆಯಲ್ಲಿದ್ದಾನಂತೆ. ಶೆಟ್ರು ತಮ್ಮ ಕೆಳಗಿನ ಗದ್ದೆ ತೋರಿಸಿದ್ದಾರೆ, 20 ಸೆಂಟ್ಸ್, ಹಡಿಲೇ. ಮೇ ಕೊನೆಗೆ ಅಲ್ಲಿ ನೇಜಿಗೆ ನೀರು ಸಿಗುತ್ತದಾ ಅಂತ ಹೋಗಿ ನೋಡಬೇಕು. ಬೀಜದ ಚೀಲ ನಮ್ಮ ಅಟ್ಟದಲ್ಲಿದೆ, ಇಲಿಗಳಿಗೂ ಅದು ಗೊತ್ತಾಗಿದೆ.